ಹಳದಿ ಫಲಕ, ಬಿಳಿ ಫಲಕ
ಕುಷ್ಟಗಿಯಿಂದ ಗಂಗಾವತಿಗೆ ಕೆಎ 37 ಸಂಖ್ಯೆಯ ಎರಡು ಕಾರುಗಳು ಒಂದರ ಹಿಂದೊಂದು ಹೊರಟಿವೆಯೆಂದು ಭಾವಿಸೋಣ. ಹಳದಿ ಫಲಕದ ಬಾಡಿಗೆ ಕಾರಿಗೆ, ಜನ ಎಫ್.ಸಿ. ಎನ್ನುವ ಅರ್ಹತಾ ಪತ್ರ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಬೇಕು. ಬಿಳಿ ಫಲಕದ ಸ್ವಂತ ಕಾರಿಗೋ, ನೋಂದಣಿಯ 15 ವರ್ಷ ಕಳೆಯುವವರೆಗೆ ಇಂಥ ಪರೀಕ್ಷೆಯೇ ಇಲ್ಲ. ಆಮೇಲೆ 5 ವರ್ಷಕ್ಕೊಮ್ಮೆ. ಬಾಡಿಗೆ ಕಾರು ಹೆಚ್ಚು ಓಡುತ್ತದೆ, ನಿಜ. ಆದರೆ ನಮ್ಮ ಸೀಮೆಯ ಬಿಸಿಲಿಗೆ ನಿಂತ ಕಾರಿನ ಟೈರೂ ಬಿರಿಯುತ್ತದೆ. ಎರೆಮಣ್ಣಿನ ಧೂಳು ಫಲಕದ ಬಣ್ಣ ನೋಡಿ ಒಳಸೇರುವುದಿಲ್ಲ. ಬ್ರಿಟನ್ನಿನಲ್ಲಿ ಸ್ವಂತ ಕಾರಿಗೂ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆಯುಂಟು. ಅಷ್ಟು ಬಿಗಿಯನ್ನು ನಾನು ಕೇಳುವುದಿಲ್ಲ. ಐದನೆಯ ವರ್ಷದಿಂದ ಎರಡು ವರ್ಷಕ್ಕೊಮ್ಮೆ ಬ್ರೇಕು, ಟೈರು, ದೀಪಗಳನ್ನಾದರೂ ನೋಡಲಿ. ಅದಕ್ಕಾಗಿ ಯಲಬುರ್ಗಾದವರನ್ನು ಕೊಪ್ಪಳಕ್ಕೆ ಅಲೆಸದೆ, ತಾಲ್ಲೂಕಿನಲ್ಲಿಯೇ ನೋಡಲಿ.