ಉಪಕರಣದ ಹಿಂದಿನ ಕೈ

ವಿಜ್ಞಾನದ ಚರಿತ್ರೆಯಲ್ಲಿ ಕಂಡುಹಿಡಿದವರ ಹೆಸರಿಗೆ ಸ್ಥಾನವುಂಟು. ಅವರು ಕಂಡುಹಿಡಿದುದರ ಹೆಸರಿಗೂ ಸ್ಥಾನವುಂಟು. ಆದರೆ ಅದಕ್ಕೆ ನೆರವಾದ ಉಪಕರಣವನ್ನು ದಿನವೂ ಒರೆಸಿ, ಎಣ್ಣೆ ಹಾಕಿ, ಸಡಿಲಾದ ತಿರುಪನ್ನು ಬಿಗಿದು, ಅದು ತೋರಿಸುವ ಅಂಕಿ ನಂಬಲರ್ಹವಾಗುವಂತೆ ಕಾಪಾಡಿದವನಿಗೆ ಅಡಿಟಿಪ್ಪಣಿಯಲ್ಲಿಯೂ ಎಡೆ ದೊರೆಯುವುದು ಅಪರೂಪ. ಪ್ರಯೋಗಾಲಯದ ಉಪಕರಣಗಳನ್ನು ಜೋಪಾನ ಮಾಡುವ, ಅವನ್ನು ಉತ್ತಮಪಡಿಸುವ ಈ ಎಂಜಿನಿಯರನನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದ ಅಧ್ಯಾಪಕನಾಗಿದ್ದವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ನೀವು ಕೇಳಬಹುದು. ಅಧಿಕಾರವಿಲ್ಲ, ಆದರೆ ನಂಟು ಇದೆ. ಅದೇನೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ನೆಲದವರೇ ಆದ ಒಬ್ಬರನ್ನು ನೆನೆಯೋಣ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ಹತ್ತದೆಂದು ತಿಳಿದಾಗ ವರ್ಣಚಿತ್ರವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರವನ್ನು ಹಿಡಿದರು; ಅಲ್ಲಿನ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಸಹಾಯಕ ಅಧ್ಯಾಪಕರಾದರು. ಬಿಡುವಿನ ವೇಳೆಯನ್ನು ಅವರು ಕಳೆದುದು ಆ ಸಂಸ್ಥೆಯ ಕಾರ್ಯಾಗಾರದಲ್ಲಿ. ಕಾಗದದ ಮೇಲಿನ ಗೆರೆ ಕಬ್ಬಿಣದಲ್ಲಿ ಹೇಗೆ ನಡೆದಾಡುತ್ತದೆ ಎಂಬುದರ ಪರಿಚಯ ಅವರಿಗಾದದ್ದು ಅಲ್ಲಿ. ಮುಂದೆ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ. ಈ ದೊಡ್ಡ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆಯವರ ಯಂತ್ರಗಳ ನಡುವೆ ಕಳೆದ ಆ ಬಿಡುವಿನ ಗಳಿಗೆಗಳು.

ಪ್ರಯೋಗಾಲಯದ ಎಂಜಿನಿಯರ್ ಮಾಡುವುದಾದರೂ ಏನು? ಕೆಟ್ಟು ನಿಂತುದನ್ನು ನಡೆಸುವುದು ಅವನ ಕೆಲಸದ ಒಂದು ಪಾಲು ಮಾತ್ರ; ಕೆಡುವುದಕ್ಕೆ ಮೊದಲೇ ತಿಳಿಯುವುದು ಹಿರಿಯ ಪಾಲು. ರಕ್ತದ ಮಾದರಿಯನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದ ಸದ್ದು ಸ್ವಲ್ಪ ಒರಟಾದರೆ ಬೇರಿಂಗು ಸವೆಯುತ್ತಿದೆಯೆಂದೋ, ಎದುರುಬದುರಿನ ನಳಿಕೆಗಳ ತೂಕ ಸಮನಾಗಿಲ್ಲವೆಂದೋ ಅವನು ಶಂಕಿಸುತ್ತಾನೆ. ಊರು ಬದಲಾದಂತೆ ಉಪಕರಣದ ರೋಗವೂ ಬದಲಾಗುತ್ತದೆ. ಮಲೆನಾಡಿನ ಸೆರಗಿಗೆ ಹತ್ತಿರವಾದ ಕಿತ್ತೂರಿನ ಕಡೆ ಮಳೆಗಾಲದ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹಿಡಿಯಬಹುದು. ಗಾಳಿಯಾಡದ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಇನ್ನೂ ಬೇಗ. ಬಯಲುನಾಡಿನ ರಾಮದುರ್ಗದ ಕಡೆಗೆ ಹೋದರೆ ಧೂಳಿನ ಕಾಟ, ಗಡಸು ನೀರಿನ ಕಾಟ.

ಈ ಗಡಸು ನೀರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಪ್ರಯೋಗಾಲಯದಲ್ಲಿ ನೀರನ್ನು ಬಟ್ಟಿ ಇಳಿಸುವ ಪಾತ್ರೆಯ ಕಾಯುವ ಸುರುಳಿಯ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಕಾವು ನೀರಿಗೆ ಸರಿಯಾಗಿ ದಾಟದೆ ಸುರುಳಿಯೇ ಸುಟ್ಟುಹೋಗುತ್ತದೆ. ತಿಳಿಯಾದ ಆಮ್ಲದಿಂದ ಆ ಪದರವನ್ನು ಕಾಲಕಾಲಕ್ಕೆ ಕರಗಿಸುವುದು ಜೋಪಾನ. ಇನ್ನೊಂದು ಸಂಗತಿಯಿದೆ. ಒಂದು ಲೀಟರು ಶುದ್ಧ ನೀರು ದೊರೆಯಬೇಕಾದರೆ ಹಬೆಯನ್ನು ತಣಿಸಲು 10 ಲೀಟರಿಗೂ ಹೆಚ್ಚು ತಣ್ಣೀರು ಹರಿದು ಮೋರಿಯ ಪಾಲಾಗುತ್ತದೆ. ಬೇಸಿಗೆಯಲ್ಲಿ ಕೊಡದ ನೀರಿಗೆ ಕಾಯುವ ಊರಿನಲ್ಲಿ ಇದನ್ನು ಕಂಡು ಸುಮ್ಮನಿರಲಾರದವನು ಆ ನೀರನ್ನು ತೊಟ್ಟಿಯಲ್ಲಿ ಹಿಡಿದು, ಆರಲು ಬಿಟ್ಟು, ಸಣ್ಣ ಪಂಪಿನಿಂದ ಮತ್ತೆ ಮೇಲೇರಿಸುತ್ತಾನೆ. ಇದು ಸುಧಾರಣೆ. ಇದಕ್ಕೆ ಪ್ರಶಸ್ತಿ ಬರುವುದಿಲ್ಲ, ನೀರು ಉಳಿಯುತ್ತದೆ.

ಇಷ್ಟೆಲ್ಲ ಪ್ರಯೋಗಾಲಯದ ನಾಲ್ಕು ಗೋಡೆಗಳ ಒಳಗಿನ ಮಾತಾಯಿತು ಎನ್ನುವವರು ಬೈಲಹೊಂಗಲದ ಹತ್ತಿಯನ್ನು ನೆನೆಯಬೇಕು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ನಾಡಿಗೆ ಕೊಟ್ಟರಷ್ಟೆ. ಇಂಥ ತಳಿಯ ಎಳೆ ಎಷ್ಟು ಉದ್ದ, ಎಷ್ಟು ನಯ ಎಂಬುದನ್ನು ಕಣ್ಣಂದಾಜಿನಿಂದಷ್ಟೇ ಹೇಳಲಾಗದು, ಉಪಕರಣ ಹೇಳಬೇಕು. ಸರಿಯಾಗಿ ತೂಗಿದ ಅರಳೆಯನ್ನು ಗೊತ್ತಾದ ಅಳತೆಯ ಡಬ್ಬಿಯಲ್ಲಿ ತುಂಬಿ ಅದರ ಮೂಲಕ ಗಾಳಿ ಹಾಯಿಸುತ್ತಾರೆ. ಎಳೆ ನಯವಾಗಿದ್ದಷ್ಟು ಗಾಳಿಗೆ ತಡೆ ಹೆಚ್ಚು. ಈ ಅಳತೆಗೆ ಮೈಕ್ರೋನೇರ್ ಎಂದು ಹೆಸರು. ಕೇಂದ್ರ ಸರಕಾರದ ಬೆಂಬಲ ಬೆಲೆಯೂ ಈ ಅಂಕಿಗಳನ್ನೇ ನೋಡುತ್ತದೆ: ಉದ್ದ ಎಳೆಯ ಹತ್ತಿಯ ಮುಖ್ಯ ದರ್ಜೆಗೆ ಎಳೆಯ ಉದ್ದ 29.5ರಿಂದ 30.5 ಮಿಲಿಮೀಟರು, ಮೈಕ್ರೋನೇರ್ 3.5ರಿಂದ 4.3.

ಈಗ ಡಬ್ಬಿಯ ಮುಚ್ಚಳದ ರಬ್ಬರು ಬಳೆ ಬಿರಿದಿದೆ ಎಂದುಕೊಳ್ಳಿ. ಗಾಳಿ ಸೋರುತ್ತದೆ, ಹೆಚ್ಚು ಗಾಳಿ ಹರಿಯಿತೆಂದು ಉಪಕರಣ ತಿಳಿಯುತ್ತದೆ, ನಯವಾದ ಎಳೆಯನ್ನು ಒರಟೆಂದು ಬರೆಯುತ್ತದೆ. ಕೋಣೆಯ ಉಷ್ಣತೆ 27 ಡಿಗ್ರಿಯ, ಗಾಳಿಯ ತೇವ ನೂರಕ್ಕೆ 65ರ ಆಸುಪಾಸಿನಲ್ಲಿರಬೇಕೆಂಬುದು ನಮ್ಮ ದೇಶದ ಕಟ್ಟಳೆ. ಅದು ತಪ್ಪಿದರೆ ಅರಳೆ ತೇವ ಹೀರಿ ತನ್ನ ತೂಕವನ್ನೇ ಬದಲಿಸುತ್ತದೆ. ಗುಣ ಗೊತ್ತಿರುವ ಮಾದರಿ ಅರಳೆಯನ್ನು ಆಗಾಗ ಹಾಕಿ ಉಪಕರಣವನ್ನೇ ಪರೀಕ್ಷಿಸುವವನಿಲ್ಲದಿದ್ದರೆ, ಕರಿಯ ನೆಲದಲ್ಲಿ ಬೆವರು ಹರಿಸಿದ ರೈತ, ಎಲ್ಲಿಯೋ ಬಿರಿದ ರಬ್ಬರಿಗೆ ದಂಡ ತೆರಬೇಕಾದೀತು. ತನ್ನ ಹತ್ತಿಯಲ್ಲಿಯೇ ದೋಷವಿತ್ತೆಂದು ನಂಬಿ ಅವನು ಮನೆಗೆ ಹೋಗುತ್ತಾನೆ ಎಂಬುದು ಇನ್ನೂ ದೊಡ್ಡ ನಷ್ಟ.

ನನ್ನ ನಂಟು ಇರುವುದು ಇಲ್ಲಿ. ಹಳೆಯ ಓಲೆಯ ಪ್ರತಿಗಳನ್ನು ಶೋಧಿಸುವಾಗ ನಾವು ಎರಡು ಬಗೆಯ ತಪ್ಪುಗಳನ್ನು ಕಾಣುತ್ತೇವೆ. ಲಿಪಿಕಾರನ ಕೈ ಜಾರಿ ಬಿದ್ದ ತಪ್ಪು ಒಂದು. ಬೇರೆ ಪ್ರತಿಗಳೊಡನೆ ಹೋಲಿಸಿದರೆ ಅದು ಸಿಕ್ಕಿಬೀಳುತ್ತದೆ. ಮೂಲಪ್ರತಿಯಲ್ಲಿಯೇ ಹೊಕ್ಕು ಹತ್ತು ಪ್ರತಿಗಳಲ್ಲಿಯೂ ಒಂದೇ ರೀತಿ ನಕಲಾದ ತಪ್ಪು ಇನ್ನೊಂದು. ಎಲ್ಲ ಪ್ರತಿಗಳೂ ಒಂದೇ ಮಾತು ಹೇಳುವುದರಿಂದ ಅದನ್ನೇ ನಿಜವೆಂದು ನಂಬುವ ಅಪಾಯವಿದೆ. ಉಪಕರಣದ ತಪ್ಪುಗಳೂ ಹೀಗೆಯೇ. ಸೋರುವ ಡಬ್ಬಿ ಹತ್ತು ಸಲ ಅಳೆದರೂ ಹತ್ತು ಸಲವೂ ಒಂದೇ ಸುಳ್ಳನ್ನು ಸುಸಂಬದ್ಧವಾಗಿ ಹೇಳುತ್ತದೆ. ಅದನ್ನು ಹಿಡಿಯುವವನು ಯಂತ್ರದ ಪಾಠಶೋಧಕ.

ಆದರೆ ನಮ್ಮ ಸಮಾಜ ಉಪಕರಣ ಕೊಳ್ಳಲು ಹಣ ಕೂಡಿಸುತ್ತದೆ, ಉದ್ಘಾಟನೆಗೆ ಹಾರ ತರುತ್ತದೆ. ಅದನ್ನು ನೋಡಿಕೊಳ್ಳುವವನ ಸಂಬಳದ ಮಾತು ಬಂದಾಗ ಮೌನ ತಾಳುತ್ತದೆ. ಖಂಡೇನವಮಿಯ ದಿನ ಆಯುಧಗಳಿಗೆ ವಿಭೂತಿ, ಕುಂಕುಮ ಹಚ್ಚುವ ನಮ್ಮ ಮನೆಗಳಲ್ಲಿ ರೈತ ಕೂರಿಗೆಯನ್ನೂ ಕುಂಟೆಯನ್ನೂ ವರ್ಷವಿಡೀ ಕಾಪಾಡಿಕೊಂಡೇ ಬಂದಿದ್ದಾನೆ. ಆ ಬುದ್ಧಿ ಪ್ರಯೋಗಾಲಯದ ಹೊಸ್ತಿಲನ್ನೂ ದಾಟಬೇಕು. ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ. ಪಂಪುಸೆಟ್ಟು ಬಿಚ್ಚಿ ಜೋಡಿಸುವ ಹುಡುಗರು ನಮ್ಮ ಪೇಟೆಗಳಲ್ಲಿದ್ದಾರೆ. ಮಗ್ಗದ ಸದ್ದಿನಿಂದಲೇ ಅದರ ದೋಷ ಹೇಳುವ ನೇಕಾರರು ರಾಮದುರ್ಗದಲ್ಲಿದ್ದಾರೆ. ಇಂಥ ಮನೆಗಳ ಮಕ್ಕಳು ಎಂಜಿನಿಯರಿಂಗ್ ಓದಿ ಬಂದಾಗ, ಅವರನ್ನು ಕರೆದು ಶಾಲೆ, ಕಾಲೇಜು, ಆಸ್ಪತ್ರೆಗಳ ಉಪಕರಣಗಳ ಹೊಣೆಯನ್ನು ಗೌರವದಿಂದ ಒಪ್ಪಿಸುವ ಏರ್ಪಾಡು ತಾಲೂಕಿಗೊಂದಾದರೂ ಇರಬೇಕು.

ಅದಕ್ಕೆ ಮುನ್ನ ಖರ್ಚಿಲ್ಲದ ಕೆಲಸವೊಂದಿದೆ. ಪ್ರತಿಯೊಂದು ಉಪಕರಣದ ಪಕ್ಕದಲ್ಲಿ ಒಂದು ದಿನಚರಿ ಪುಸ್ತಕವಿರಲಿ. ಯಾವ ದಿನ ಏನು ಕೆಟ್ಟಿತು, ಹೇಗೆ ಸರಿಯಾಯಿತು, ಮತ್ತೆ ಯಾವಾಗ ಪರೀಕ್ಷಿಸಬೇಕು ಎಂಬುದನ್ನು ಅದರಲ್ಲಿ ಬರೆದಿಡಲಿ. ಕೊನೆಯಲ್ಲಿ ಆ ಕೆಲಸ ಮಾಡಿದವರ ಹೆಸರನ್ನೂ ಮರೆಯದೆ ಬರೆಯಲಿ.