ಪತ್ತನಾಜೆಗೆ ಮೆಷಿನ್ ಒಳಗೆ, ಆಯುಧ ಪೂಜೆಗೆ ಹೊರಗೆ

(ಮರ್ಕಂಜದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಯಾವಾಗಲೂ ಉಳಿತಾಯ, ಸಾಲ, ಕಂತು ಎಂದು ಮಾತಾಡುವ ನಾವು ಇವತ್ತು ಮರ ಕೊಯ್ಯುವ ಮೆಷಿನ್ ವಿಷಯ ತೆಗೆದದ್ದು ಯಾಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಉಂಟು.

ನಾವು ಭೇಟಿ ಕೊಡುವ ಒಂದು ಸಂಘದವರು ಸಾಲ ತೆಗೆದು ಚೈನ್ ಸಾ ತಕ್ಕೊಂಡರು. ಬೇಸಿಗೆಯಲ್ಲಿ ಸೌದೆ ಕೊಯ್ಯಲಿಕ್ಕೆ, ಹಳೇ ರಬ್ಬರ್ ಮರ ತುಂಡು ಮಾಡ್ಲಿಕ್ಕೆ ಬಾಡಿಗೆಗೆ ಕೊಟ್ಟು ಕಂತು ಸರಿಯಾಗಿ ಕಟ್ಟುತ್ತಿದ್ದರು. ಮಳೆ ಹಿಡಿದ ಕೂಡಲೇ ಪೆಟ್ರೋಲ್ ಇದ್ದ ಹಾಗೆಯೇ ಗೋಣಿಯಲ್ಲಿ ಸುತ್ತಿ ಒಬ್ಬ ಸದಸ್ಯೆಯ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟರು. ಅಕ್ಟೋಬರಿನಲ್ಲಿ ಹಗ್ಗ ಎಳೆದರೆ ಸ್ಟಾರ್ಟೇ ಇಲ್ಲ. ಚೈನ್ ತುಕ್ಕು ಹಿಡಿದಿತ್ತು. ರಿಪೇರಿಗೆ ಎರಡು ಕಂತಿನಷ್ಟು ಹಣ ಬೇಕಾಯಿತು. "ನಿಮ್ಮ ಮನೆಯಲ್ಲಿ ಇದ್ದದ್ದಲ್ವಾ?" ಎಂದು ಕೆಲವರು. "ಜಾಗ ಕೊಟ್ಟದ್ದೇ ತಪ್ಪಾಯಿತಾ?" ಎಂದು ಆ ಅಕ್ಕ. ಮತ್ತೆ ಮೂರು ವಾರ ಅವರು ಸಭೆಗೇ ಬರಲಿಲ್ಲ.

ತಪ್ಪು ನಮ್ಮದೂ ಹೌದು. ಮೆಷಿನ್ ಕೊಡಿಸುವಾಗ ನಡೆಸುವ ತರಬೇತಿ ಕೊಟ್ಟೆವು, ತೆಗೆದಿಡುವ ತರಬೇತಿ ಕೊಡಲಿಲ್ಲ. ಆ ಮೆಷಿನ್ ಕೆಲಸ ಮಾಡಿ ಹಾಳಾದದ್ದಲ್ಲ, ಸುಮ್ಮನೆ ಕೂತು ಹಾಳಾದದ್ದು.

ಕೂತರೆ ಹಾಳಾಗುವುದು ಯಾಕೆ? ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದ ತೇವ ಕೇಳಬೇಕಾ! ಪೆಟ್ರೋಲ್ ಹಳತಾದ ಹಾಗೆ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ. ಹಾಗಾಗಿ ಒಂದು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಹೀಗೆ ಮಾಡಿ:

1. ಮೆಷಿನ್ ತಣ್ಣಗಾದ ಮೇಲೆ, ಒಲೆ-ಬೀಡಿಯಿಂದ ದೂರ, ಅಂಗಳದಲ್ಲಿ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ನಂತರ ಚೈನ್ ಬ್ರೇಕ್ ಹಾಕಿ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ನಿಧಾನಕ್ಕೆ ಓಡಲಿ. ಆಗ ಕಾರ್ಬುರೇಟರ್ ಸಹ ಖಾಲಿಯಾಗುತ್ತದೆ.

2. ಪುನಃ ತಣ್ಣಗಾಗಲಿ. ಸ್ವಿಚ್ ಆಫ್ ಮಾಡಿ, ಕೈಗೆ ಗ್ಲೌಸ್ ಹಾಕಿ ಚೈನ್ ಮತ್ತು ಬಾರ್ ಬಿಚ್ಚಿ. ಬಾರಿನ ಗಾಡಿಯಲ್ಲಿ, ಎಣ್ಣೆಯ ತೂತಿನಲ್ಲಿ ಕೂತ ಮರದ ಹುಡಿ ತೆಗೆಯಿರಿ. ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹುಡಿ ತೇವ ಹಿಡಿದರೆ ತುಕ್ಕು ಅಲ್ಲಿಂದಲೇ ಶುರು.

3. ಎರಡಕ್ಕೂ ಚೈನ್ ಆಯಿಲ್ ಚೆನ್ನಾಗಿ ಹಚ್ಚಿ.

4. ಏರ್ ಫಿಲ್ಟರ್, ಇಂಜಿನಿನ ಹೊರಗಿನ ರೆಕ್ಕೆಗಳನ್ನು ಸ್ವಚ್ಛ ಮಾಡಿ.

5. ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕೈದು ಹನಿ 2ಟಿ ಆಯಿಲ್ ಹಾಕಿ, ಹಗ್ಗವನ್ನು ಎರಡು-ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಪುನಃ ಹಾಕಿ. ಇದನ್ನು ಮೊದಲ ಸಲ ಮೆಕ್ಯಾನಿಕ್ ಹತ್ತಿರ ನೋಡಿ ಕಲಿಯಿರಿ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ರೀತಿ ಇದ್ದರೆ ಪುಸ್ತಕದ ಪ್ರಕಾರ ಮಾಡಿ.

ಇನ್ನು ಇಡುವ ಜಾಗ. ಮಳೆಗಾಲದಲ್ಲಿ ಒಣಗಿರಲಿ ಎಂದು ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ನಮ್ಮ ಕ್ರಮ. ಮೆಷಿನ್ ಮಾತ್ರ ಅಲ್ಲಿ ಬೇಡವೇ ಬೇಡ. ಎಷ್ಟು ಖಾಲಿ ಮಾಡಿದರೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಅಡಿಕೆಗೆ ಬಿಡುವ ಮೈಲುತುತ್ತು, ರಸಗೊಬ್ಬರ, ರಬ್ಬರ್ ಹಾಲು ಹೆಪ್ಪು ಹಾಕುವ ಆ್ಯಸಿಡ್ ಇರುವ ಕೋಣೆಯಲ್ಲೂ ಇಡಬೇಡಿ, ಅವು ಲೋಹವನ್ನು ತಿನ್ನುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಗಾಳಿಯಾಡುವ ಒಣ ಕೋಣೆಯಲ್ಲಿ, ನೆಲದಿಂದ ಮೇಲೆ ಹಲಗೆಯಲ್ಲಿ, ಮಕ್ಕಳಿಗೆ ಸಿಗದ ಹಾಗೆ ಬೀಗ ಹಾಕಿ ಇಡಿ.

ತೆಗೆದ ಪೆಟ್ರೋಲನ್ನು ತೋಡಿಗೆ ಚೆಲ್ಲಬೇಡಿ, ಒಲೆಗೆ ಹಾಕಲೇಬೇಡಿ. ಎಣ್ಣೆಯ ಅಳತೆ ಒಂದೇ ಆಗಿದ್ದರೆ ಹುಲ್ಲು ಕೊಚ್ಚುವ ಮೆಷಿನ್‌ಗೆ ಕೂಡಲೇ ಬಳಸಿ ಮುಗಿಸಿ. ದಯಮಾಡಿ ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ತುಂಬಿಸಿಡಬೇಡಿ. ಬಾಯಾರಿದ ಮಗುವಿಗೆ ಅದು ನೀರಿನ ಹಾಗೇ ಕಾಣುತ್ತದೆ.

"ಮೆಷಿನ್ ಗಂಡಸರ ಕೆಲಸ ಸಿಸ್ಟರ್, ನಮಗೇನು ಗೊತ್ತಾಗ್ತದೆ?" ಎಂದು ನೀವು ಕೇಳಬಹುದು. ಸಾಲದ ಪತ್ರಕ್ಕೆ ಸಹಿ ಹಾಕಿದವರು ಯಾರು? ನಡೆಸುವವರು ಯಾರೇ ಇರಲಿ, ಯಜಮಾನ್ತಿಯರು ನೀವು. ಆದ್ದರಿಂದ ಮೆಷಿನ್ ತೆಗೆದಿಡುವ ದಿನ ಕನಿಷ್ಠ ಮೂರು ಜನ ಸದಸ್ಯೆಯರು ಇರಿ. ತಾರೀಕು, ಮಾಡಿದ ಕೆಲಸ, ಇಟ್ಟ ಮನೆ, ಇದ್ದವರ ಸಹಿ ನಿರ್ಣಯ ಪುಸ್ತಕದಲ್ಲಿ ಬರಲಿ. ರಿಪೇರಿ ಬಂದರೆ ಖರ್ಚು ಸಂಘದ್ದೇ ಎಂದು ಮೊದಲೇ ಬರೆದಿಡಿ. ಆಗ ಜಾಗ ಕೊಟ್ಟವರು ತಲೆ ತಗ್ಗಿಸುವ ಸಂದರ್ಭ ಬರುವುದಿಲ್ಲ.

ನೆನಪಿಗೆ ಸುಲಭ ಲೆಕ್ಕ: ಪತ್ತನಾಜೆಗೆ ಒಳಗೆ, ಆಟಿಯಲ್ಲಿ ಬಿಸಿಲು ಬಂದ ದಿನ ತುಕ್ಕು ಉಂಟಾ ಎಂದು ಒಮ್ಮೆ ನೋಡುವುದು, ಆಯುಧ ಪೂಜೆಗೆ ಹೊರಗೆ ತೆಗೆದು ಹೊಸ ಪೆಟ್ರೋಲ್ ಹಾಕುವುದು.

ಆ ಅಕ್ಕ ಈಗ ಪುನಃ ಸಭೆಗೆ ಬರುತ್ತಿದ್ದಾರೆ. ಮೆಷಿನ್ ಈಗಲೂ ಅವರ ಮನೆಯಲ್ಲೇ ಉಂಟು, ಪುಸ್ತಕದಲ್ಲಿ ಎಲ್ಲರ ಸಹಿಯೂ ಉಂಟು. ದೇವರು ನಿಮ್ಮೆಲ್ಲರ ದುಡಿಮೆಯನ್ನು ಆಶೀರ್ವದಿಸಲಿ.