ಸೈಲೆನ್ಸರ್ ಒಳಗಿನ ಸೀಸ



ಮೋಟಾರ್ ಸೈಕಲ್ಲಿನ ಸೈಲೆನ್ಸರ್ ನಿಮಗೆಲ್ಲ ಗೊತ್ತು. ಬಂದೂಕಿಗೂ ಸೈಲೆನ್ಸರ್ ಉಂಟು. ಅಮೆರಿಕದ ಎಂಜಿನಿಯರ್ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಫಿನ್ಲೆಂಡ್, ನಾರ್ವೆಗಳ ಬೇಟೆಗಾರರು ತಮ್ಮ ಕಿವಿಯ ರಕ್ಷಣೆಗೆಂದು ಇದನ್ನು ಬಳಸುತ್ತಾರೆ. ಇದನ್ನು ಶುಚಿ ಮಾಡುವ ಕೆಲಸದಲ್ಲಿ ರಸಾಯನಶಾಸ್ತ್ರದ ಒಂದು ಪಾಠವಿದೆ.

ಗುಂಡು ಹಾರಿದಾಗ ನಳಿಗೆಯ ಬಾಯಿಂದ ಬಿಸಿ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ಸದ್ದಿಗೆ ಮುಖ್ಯ ಕಾರಣ ಅದೇ. ಸೈಲೆನ್ಸರ್ ಕೊಳವೆಯೊಳಗೆ, ನಡುವೆ ತೂತುಳ್ಳ ಲೋಹದ ಅಡ್ಡತಟ್ಟೆಗಳ ಸಾಲು ಇರುತ್ತದೆ. ಅನಿಲವು ಅವುಗಳ ನಡುವೆ ಹರಡಿ, ತಣಿದು, ನಿಧಾನವಾಗಿ ಹೊರಬೀಳುತ್ತದೆ. ಹೀಗೆ ಸದ್ದು ತಗ್ಗುತ್ತದೆ; ಪೂರ್ತಿ ಅಡಗುವುದಿಲ್ಲ.

ಅನಿಲ ತಂಗುವ ಕಡೆ ಕೊಳೆಯೂ ತಂಗುತ್ತದೆ. ದೊಡ್ಡ ರೈಫಲ್‌ಗಳ ಗುಂಡಿಗೆ ಸಾಮಾನ್ಯವಾಗಿ ತಾಮ್ರದ ಕವಚವಿರುತ್ತದೆ. ಆದರೆ .22 ರೈಫಲ್‌ನ ಗುಂಡು ಹೆಚ್ಚಾಗಿ ಬರಿಯ ಸೀಸದ್ದು. ಮಸಿಯೊಡನೆ ಆ ಸೀಸವೂ ತಟ್ಟೆಗಳಿಗೆ ಅಂಟಿ ಗಟ್ಟಿಯಾಗುತ್ತದೆ. ಬಹಳ ದಿನ ಹಾಗೆಯೇ ಬಿಟ್ಟರೆ ತಟ್ಟೆಗಳು ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಆದ್ದರಿಂದ ಆಗಾಗ ಅವುಗಳನ್ನು ಬಿಚ್ಚಿ, ದ್ರಾವಕದಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಮೊದಲಿನ ಕ್ರಮದಲ್ಲೇ ಜೋಡಿಸುತ್ತಾರೆ. ಬಳಸಿದ ಮೇಲೆ ಸೈಲೆನ್ಸರನ್ನು ರೈಫಲ್‌ನಿಂದ ತೆಗೆದಿಡುವುದೂ ಒಳ್ಳೆಯದು. ಒಳಗಿನ ತೇವದಿಂದ ನಳಿಗೆಗೆ ತುಕ್ಕು ಹಿಡಿಯಬಹುದು.

ಕೆಲವರು ಸುಲಭದ ದಾರಿ ಹಿಡಿದು, ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತಟ್ಟೆಗಳನ್ನು ಅದರಲ್ಲಿ ಮುಳುಗಿಸುತ್ತಾರೆ. ತಟ್ಟೆ ಫಳಫಳ ಹೊಳೆಯುತ್ತದೆ. ಹಾಗಾದರೆ ಸೀಸ ಎಲ್ಲಿ ಹೋಯಿತು? ಅದು ವಿನೆಗರ್‌ನ ಆಮ್ಲದೊಡನೆ ಸೇರಿ ಲೆಡ್ ಅಸಿಟೇಟ್ ಆಯಿತು. ಇದು ನೀರಿನಲ್ಲಿ ಕರಗುವ ವಿಷ. ಚರ್ಮದ ಮೂಲಕವೂ ಮೈ ಸೇರಬಲ್ಲದು. ಚರಂಡಿಗೆ ಸುರಿದರೆ ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ. ಬಲ್ಲವರು ಈ ದಾರಿ ಹಿಡಿಯುವುದಿಲ್ಲ. ಅವರು ಕೈಗವಸು ತೊಟ್ಟು, ಧೂಳು ಏಳದಂತೆ ಒದ್ದೆಯಾಗಿಯೇ ಉಜ್ಜುತ್ತಾರೆ. ಕೊಳೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅಪಾಯಕಾರಿ ಕಸವನ್ನು ಸಂಗ್ರಹಿಸುವವರಿಗೆ ಒಪ್ಪಿಸುತ್ತಾರೆ.

ಇಷ್ಟು ಎಚ್ಚರ ಏಕೆ? ನಮ್ಮ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಮಕ್ಕಳ ಮಿದುಳಿಗಂತೂ ಅದರಿಂದ ಹೆಚ್ಚು ಹಾನಿ.

ನಿಮ್ಮಲ್ಲಿ ಎನ್.ಸಿ.ಸಿ. ಕೆಡೆಟ್‌ಗಳು ಇರಬಹುದು. ನೀವು ಅಭ್ಯಾಸಕ್ಕೆ ಹಿಡಿಯುವ .22 ರೈಫಲ್‌ಗೆ ಸೈಲೆನ್ಸರ್ ಇರುವುದಿಲ್ಲ, ಆದರೆ ಸೀಸ ತಪ್ಪಿದ್ದಲ್ಲ. ಗುಂಡು ಹಾರಿಸಿದ ಮೇಲೆ, ರೈಫಲ್ ಒರೆಸಿದ ಮೇಲೆ, ಸೋಪು ಹಚ್ಚಿ ಕೈ ತೊಳೆಯದೆ ತಿಂಡಿಯ ಪೊಟ್ಟಣ ಬಿಚ್ಚಬೇಡಿ. ಯಾವ ವಸ್ತುವನ್ನು ಶುಚಿ ಮಾಡಿದರೂ, ತೆಗೆದ ಕೊಳೆ ಎಲ್ಲಿಗೆ ಹೋಯಿತೆಂದು ಒಮ್ಮೆ ಕೇಳಿಕೊಳ್ಳಿ.